ಬ್ಲೀಚ್ ವಾಸನೆ ಇಲ್ಲದ ಕೈ

ನಲವತ್ತೊಂದನೇ ಡಬ್ಬಿಯ ಮುಚ್ಚಳ ತೆಗೆದ ವರ್ಡೆಲ್ ತಕ್ಷಣ ಎಣಿಸಲಿಲ್ಲ, ಸುಮ್ಮನೆ ನೋಡಿದಳು. ಒದ್ದೆ ಕಾಗದದ ಮೇಲೆ ಸಾಲಾಗಿಟ್ಟಿದ್ದ ನೂರು ಕಡಲೇಕಾಯಿ ಬೀಜಗಳಲ್ಲಿ ಎಷ್ಟೋ ಬೀಜಗಳ ಮೇಲೆ ಕಾಡಿಗೆ ಉದುರಿಸಿದಂತೆ ಕಪ್ಪು ಬೂಷ್ಟು. ಆಮೇಲೆ ಚಿಮಟದ ತುದಿಯಿಂದ ಒಂದೊಂದನ್ನೇ ಮುಟ್ಟುತ್ತ ಎಣಿಸಿದಳು. ಮೂವತ್ತೆಂಟು. ಇನ್ನೊಮ್ಮೆ ಎಣಿಸಿದಳು. ಅನುಮಾನ ಬಂದು ಅಲ್ಲ, ಹಿತವಾಗಿತ್ತು ಅಂತ.

ಬಿತ್ತನೆ ಬೀಜಕ್ಕೆ ರೋಗವಿದೆಯೇ ಎಂದು ನೋಡುವ ಆ ಪರೀಕ್ಷೆಯ ಕೋಣೆಗೆ ರೈತರ ಚೀಲಗಳು ಹೆಸರಿಲ್ಲದೆ ಬರೀ ನಂಬರು ಹೊತ್ತು ಬರುತ್ತಿದ್ದವು. ಆದರೆ ನಲವತ್ತೊಂದನೇ ಚೀಲದ ಬಾಯಿಗೆ ಸುತ್ತಿದ್ದ ನೀಲಿ ಬಟ್ಟೆ, ಅದರ ಜೋಡಿ ಗಂಟು ಅವಳ ತಂಗಿ ಒಜೆಲ್ಲಾಳದು. ಅಮ್ಮ ಹಾಕುತ್ತಿದ್ದ ಗಂಟು. ಅಮ್ಮ ಅದನ್ನು ಕಲಿಸಿದ್ದು ಚಿಕ್ಕವಳಿಗೆ. ಸಾಯುವ ಮುಂಚೆ ಬಿತ್ತನೆ ಬೀಜದ ಡಬ್ಬ ಕೊಟ್ಟಿದ್ದೂ ಚಿಕ್ಕವಳಿಗೇ. "ನಿಂಗೇನಮ್ಮ, ಓದಿದೀಯ" ಎಂದಿದ್ದಳು ದೊಡ್ಡವಳಿಗೆ. ಈಗ ಜಾರ್ಜಿಯಾದ ಈ ಕೆಂಪು ನೆಲದಲ್ಲಿ ಎಲ್ಲರಿಗೂ ಒಜೆಲ್ಲಾಳ ಬೀಜವೇ ಬೇಕು. ಹೋದ ಭಾನುವಾರ ಚರ್ಚಿನ ಊಟದಲ್ಲಿ ವರ್ಡೆಲಳ ಸ್ವಂತ ಗಂಡ ಓಥಾ, ಬಾಯಲ್ಲಿ ಕೋಳಿ ಕಾಲು ಇಟ್ಟುಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದ್ದ: "ಹಾಡು ಶುರುವಾದ್ರೆ ಇಲ್ಲಿ ಜನ ಎದ್ದು ನಿಲ್ಲಲ್ವಾ, ಹಂಗೆ ಏಳುತ್ತೆ ಕಣ್ರೋ ನಮ್ ನಾದಿನಿ ಬೀಜ. ಈ ಸಲ ನಮ್ ಹೊಲಕ್ಕೂ ಅದೇ."

ಮೂವತ್ತೆಂಟು ಎಂದು ಬರೆದರೆ ಅಷ್ಟೂ ಬೀಜ ಎಣ್ಣೆ ಮಿಲ್ಲಿಗೆ ಹೋಗುತ್ತದೆ. ಆಮೇಲೆ ಯಾರೂ ಒಜೆಲ್ಲಾಳ ಬಾಗಿಲಿಗೆ ಬೀಜ ಕೇಳಿಕೊಂಡು ಹೋಗುವುದಿಲ್ಲ.

ಮಧ್ಯಾಹ್ನ ಒಜೆಲ್ಲಾ ಬೇಯಿಸಿದ ಕಡಲೇಕಾಯಿಯ ಬಿಸಿ ಪೊಟ್ಟಣ ಹಿಡಿದು ಬಂದಳು.

"ಅಕ್ಕ, ನಂದು ಏನಾಯ್ತೇ?"

"ಯಾವ್ದು ನಿಂದು ಅಂತ ನಂಗೇನ್ ಗೊತ್ತು? ಇಲ್ಲಿಗೆ ಬರೋದು ನಂಬರು."

"ಸುಮ್ನಿರೇ, ನನ್ ಗಂಟು ನಿಂಗೆ ಗೊತ್ತಿಲ್ವಾ?"

"ಗುರುತು ಹಿಡಿದ್ರೆ ಬಹುಮಾನ ಏನಾದ್ರೂ ಕೊಡ್ತೀಯಾ?"

ಒಜೆಲ್ಲಾ ನಗುತ್ತ ಅಕ್ಕನ ಕೈ ಎಳೆದು ಪೊಟ್ಟಣ ಇಟ್ಟಳು. ಇಟ್ಟವಳೇ ಮೂಗು ಮುಚ್ಚಿಕೊಂಡಳು. "ಥೂ, ಬ್ಲೀಚು! ಭಾವ ಹೆಂಗೆ ತಡ್ಕೋತಾರೋ, ಪಾಪ."

ಅವಳು ಹೋದ ಮೇಲೂ ವರ್ಡೆಲ್ ತನ್ನ ಕೈಯನ್ನೇ ನೋಡುತ್ತ ಕೂತಳು. ಬೀಜವನ್ನು ಕಾಗದದ ಮೇಲಿಡುವ ಮೊದಲು ಎರಡು ನಿಮಿಷ ಬ್ಲೀಚ್ ನೀರಿನಲ್ಲಿ ಅದ್ದಬೇಕು. ಮೇಲಿನ ಧೂಳಿನ ಬೂಷ್ಟು ಸತ್ತು, ಒಳಗೇ ಮನೆ ಮಾಡಿಕೊಂಡ ರೋಗ ಮಾತ್ರ ಬೆಳೆದು ಕಾಣುತ್ತದೆ. ಅದ್ದದಿದ್ದರೆ ಒಳ್ಳೆಯ ಬೀಜವೂ ಕಪ್ಪಾಗಿಬಿಡುತ್ತದೆ. ಇಪ್ಪತ್ತೆರಡು ವರ್ಷದಿಂದ ಆ ವಾಸನೆ ಅವಳ ಬೆರಳು ಬಿಟ್ಟಿರಲಿಲ್ಲ. ಒಂದೇ ಒಂದು ಸಂಜೆ ಬಿಟ್ಟಿತ್ತು. ಜಗಲಿಯಲ್ಲಿ ಓಥಾ ಅವಳ ಕೈ ಹಿಡಿದು, "ಏನೇ, ಇವತ್ತು ನಿನ್ ಕೈ ಹೆಂಗಸಿನ ಕೈ ಥರ ಇದೆ!" ಎಂದು ಕತ್ತಲಾಗುವವರೆಗೂ ಬಿಟ್ಟಿರಲಿಲ್ಲ. ಹೋದ ವಾರ, ಬುಧವಾರದ ಪ್ರಾರ್ಥನೆಯ ಹಿಂದಿನ ದಿನ.

ಡಬ್ಬಿಯ ಚೀಟಿ ತಿರುಗಿಸಿದಳು. ಅವಳದೇ ಅಕ್ಷರ: ಮಂಗಳವಾರ. ಆ ದಿನ ಅವಳು ಹೂಡಿದ್ದು ಇದೊಂದೇ ಡಬ್ಬಿ. ಗಂಟು ಬಿಚ್ಚಿದ್ದು ನೆನಪಿತ್ತು. ಬ್ಲೀಚಿನ ಲೋಟ ಮೊಣಕೈ ಪಕ್ಕದಲ್ಲೇ ಇದ್ದದ್ದೂ ನೆನಪಿತ್ತು. ಕೈ ಅದನ್ನು ದಾಟಿ ಹೋಗಿತ್ತು. ಮರೆತು ಹೋಗಿತ್ತೋ, ಗೊತ್ತಿದ್ದೇ ಹೋಗಿತ್ತೋ, ಕೈಯನ್ನು ಕೇಳುವ ಹಾಗಿರಲಿಲ್ಲ.

ಮೇಲ್ವಿಚಾರಕ ಪೆಟ್‌ವೇ ಬಾಗಿಲಲ್ಲಿ ತಲೆ ಹಾಕಿದ. "ವರ್ಡೆಲ್, ನಲವತ್ತೊಂದು ಏನಮ್ಮ? ಲಾರಿ ಕಾಯ್ತಿದೆ. ಬಿತ್ತನೆಗೋ, ಎಣ್ಣೆಗೋ?"

ಪೆನ್ಸಿಲ್ ಅವಳ ಬೆರಳಿನಲ್ಲಿತ್ತು. ಮೂವತ್ತೆಂಟು ಬರೆಯಲು ಎಷ್ಟು ಹೊತ್ತು ಬೇಕು?

"ಇನ್ನೊಂದು ವಾರ ಬೇಕು."

"ಯಾಕೆ?"

"ಬೀಜ ಅದ್ದಿಲ್ಲ."

"ಯಾರು?"

"ಇಲ್ಲಿ ಇನ್ಯಾರಿದಾರೆ? ನಾನೇ."

ಪೆಟ್‌ವೇ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಏನೋ ಗುರುತು ಹಾಕಿಕೊಂಡು ಹೋದ. ಇಷ್ಟು ವರ್ಷದಲ್ಲಿ ಅವಳ ಹೆಸರಿನ ಮುಂದೆ ಬಿದ್ದ ಮೊದಲ ತಪ್ಪಿನ ಗುರುತು.

ಮುಂದಿನ ಮಂಗಳವಾರ ಹೊಸ ಡಬ್ಬಿ ತೆರೆದಳು. ಎರಡೇ ಬೀಜ ಕಪ್ಪು. ಮೂರು ಸಲ ಎಣಿಸಿದಳು. ಹೆಚ್ಚಾಗಲಿಲ್ಲ.

ಮೇ ತಿಂಗಳಲ್ಲಿ ಆ ಬೀಜ ಗುಲಾಬಿ ಬಣ್ಣದ ಔಷಧಿ ಪುಡಿ ಹಚ್ಚಿಕೊಂಡು ಅವರ ಹೊಲಕ್ಕೂ ಬಂತು. ಎರಡು ವಾರಕ್ಕೆ ಸಾಲುಗಳು ಹಸಿರಾದವು. ಓಥಾ ಬೇಲಿಯ ಹತ್ತಿರ ಟೋಪಿ ತೆಗೆದು ನಿಂತೇಬಿಟ್ಟ. ವರ್ಡೆಲ್ ಸಾಲುಗಳ ನಡುವೆ ನಡೆದಳು. ತಲೆ ಬಗ್ಗಿಸಿ, ನಿಧಾನವಾಗಿ, ಒಂದು ಸಾಲು, ಇನ್ನೊಂದು ಸಾಲು. ಬಿಸಿಲು ಬೆನ್ನಿಗೆ ಬಂತು. ಹದಿನಾಲ್ಕನೇ ಸಾಲಿನ ಕೊನೆಯಲ್ಲಿ ಕೂತಳು. ಒಂದು ಸಸಿ ಬಾಡಿ ಪಕ್ಕಕ್ಕೆ ವಾಲಿತ್ತು. ಎಳೆದಳು. ಬುಡದಲ್ಲಿ, ಮಣ್ಣು ಮುಟ್ಟುವ ಕಡೆ, ಕಾಡಿಗೆಯಂಥ ಕಪ್ಪು.

"ಏನೇ," ಬೇಲಿಯಿಂದ ಓಥಾ ಕೂಗಿದ, "ಎಷ್ಟು ಸಸಿ ಹೋಗಿದೆ?"

ಅವಳು ಸಸಿಯ ಎಲೆ ಮುರಿಯದಂತೆ ಮಡಿಸಿ, ಏಪ್ರನ್ನಿನ ಜೇಬಿನಲ್ಲಿಟ್ಟು, ಮೇಲಿನಿಂದ ಕೈ ಒತ್ತಿಕೊಂಡು ಎದ್ದಳು.

"ಒಂದೂ ಇಲ್ಲ," ಎಂದಳು.