ಗಟ್ಟಿ ತಗಡಿನ ಸದ್ದು

"ಕೇಳಿಸ್ತಾ? ಗಂಟೆ ಹೊಡೆದ ಹಾಗಿದೆ! ಇನ್ನೂ ಹತ್ತು ವರ್ಷ ಇದಕ್ಕೇನೂ ಆಗಲ್ಲ," ಎಂದು ಅಪ್ಪ ಕಾರಿನಡಿಯಿಂದ ಕೂಗಿ, ಸಣ್ಣ ಸುತ್ತಿಗೆಯಿಂದ ತಳದ ಕಬ್ಬಿಣದ ಚೌಕಟ್ಟಿಗೆ ಮತ್ತೊಮ್ಮೆ ತಟ್ಟಿದ.

ಪಕ್ಕದಲ್ಲಿ ಮಂಡಿಯೂರಿ ವೆಲ್ಡಿಂಗ್ ವಯರಿನ ಗಂಟು ಬಿಡಿಸುತ್ತಿದ್ದ ಮಗಳ ಕೈ ನಿಂತಿತು. ಗಂಟೆ ಎಲ್ಲಿಂದ ಬಂತು? ಒದ್ದೆ ಗೋಣಿಚೀಲಕ್ಕೆ ಬಡಿದಂಥ ಸದ್ದು. ಹಿಂದಿನ ಸ್ಪ್ರಿಂಗು ಕೂರುವ ಜಾಗ ಅದು; ಕಾರಿನ ಹಿಂಭಾಗದ ಭಾರವೆಲ್ಲ ಬೀಳುವುದು ಅಲ್ಲೇ. ಮೇಲೆ ಬಳಿದ ಕಪ್ಪು ಬಣ್ಣ ಮಾತ್ರ ಹೊಚ್ಚ ಹೊಸದರಂತೆ ಮಿಂಚುತ್ತಿತ್ತು. ಬಣ್ಣ ನೋಡಬೇಡ, ಸದ್ದು ಕೇಳು, ಗಟ್ಟಿ ತಗಡು ಗಂಟೆಯಂತೆ ನುಡಿಯುತ್ತೆ, ತುಕ್ಕು ತಿಂದದ್ದು ನುಡಿಯಲ್ಲ ಎಂದು ಹನ್ನೆರಡು ವರ್ಷದ ಹಿಂದೆ ಇದೇ ಸುತ್ತಿಗೆಯನ್ನು ಅವಳ ಕೈಗೆ ಕೊಟ್ಟವನೂ ಅಪ್ಪನೇ.

"ಅಪ್ಪ, ಇನ್ನೊಂದ್ಸಲ ತಟ್ಟು."

ಅವನು ತಟ್ಟಲಿಲ್ಲ. ಅವಳು ಬಗ್ಗಿ, ಅವನ ಮುಖಕ್ಕೆ ಎದುರಾಗಿ ಅದೇ ಮಾತು ಹೇಳಿದ ಮೇಲೆ ತಟ್ಟಿದ. ಅದೇ ಸತ್ತ ಸದ್ದು. ಅಪ್ಪ ಗೆದ್ದವನಂತೆ ನಕ್ಕ.

ಅಪ್ಪನಿಗೆ ತನಗೆ ಬೇಕಾದದ್ದು ಮಾತ್ರ ಕೇಳಿಸುತ್ತದೆ ಎಂದು ಮನೆಯವರೆಲ್ಲ ಆಡಿಕೊಂಡು ನಗುತ್ತಿದ್ದರು. ಅವಳೂ ನಕ್ಕಿದ್ದಳು. ನಲವತ್ತು ವರ್ಷ ತಗಡಿನ ಬಡಿತ ಕೇಳಿ ಕೇಳಿ ಅವನ ಕಿವಿಯೇ ಮಂದವಾಗಿದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಈಗ ಅವಳಿಗೆ ಊರ ಶಾಲೆಯ ಮೇಷ್ಟ್ರು ನೆನಪಾದರು. ಮೂರು ತಿಂಗಳ ಹಿಂದೆ, ಅವಳು ಜ್ವರ ಬಂದು ಮಲಗಿದ್ದ ದಿನ, ಅಪ್ಪ ಇದೇ ಶೆಡ್ಡಿನಲ್ಲಿ ಒಬ್ಬನೇ ಮೇಷ್ಟ್ರ ಕಾರನ್ನು ತಟ್ಟಿ ನೋಡಿ, ಗಟ್ಟಿಯಿದೆ ಎಂದು ಕಳಿಸಿದ್ದ. ಐದನೇ ದಿನ ಇಳಿಜಾರಿನಲ್ಲಿ ಅದರ ಹಿಂದಿನ ಚಕ್ರ ಕಿತ್ತುಬಂತು. ಮೇಷ್ಟ್ರು ಉಳಿದರು, ಅವರ ಹೆಂಡತಿ ಉಳಿಯಲಿಲ್ಲ. ವೇಗ ಹೆಚ್ಚಾಗಿತ್ತು ಎಂದು ಜನ ಮಾತಾಡಿಕೊಂಡರು. ಹೆಂಡತಿಯನ್ನು ಕೈಯಾರೆ ಕೊಂದೆ ಎಂದು ಮೇಷ್ಟ್ರೂ ನಂಬಿದ್ದರು. ಅಂದಿನಿಂದ ಅವರು ಮನೆಯ ಹೊಸಿಲು ದಾಟಿಲ್ಲ.

ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ನರ್ಸು ಕೈಗಡಿಯಾರ ನೋಡಿಕೊಂಡಳು. ಕಾರು ಅವಳದು.

"ಗಟ್ಟಿಯಿದೆ ಅಂದ್ರಲ್ಲ, ಹಾಗಾದ್ರೆ ತಗೊಂಡು ಹೋಗ್ಲಾ? ಇನ್ನೂ ಎರಡು ಮನೇಲಿ ಇಂಜೆಕ್ಷನ್ ಕೊಡೋದಿದೆ."

ಬಾಯಿ ಮುಚ್ಚಿಕೊಂಡಿದ್ದರೆ ಅಪ್ಪನ ಮಾನ ಉಳಿಯುತ್ತಿತ್ತು. ಮಗಳು ದೊಡ್ಡ ಸ್ಕ್ರೂಡ್ರೈವರ್ ಹಿಡಿದು, ಅಂಗಾತ ಮಲಗಿ ಕಾರಿನಡಿ ತೂರಿಕೊಂಡಳು. ಅವನು ತಟ್ಟಿದ ಜಾಗಕ್ಕೇ ಚುಚ್ಚಿದಳು. ಹಿಡಿಯವರೆಗೂ ಒಳಗೆ ಹೋಯಿತು. ಕಪ್ಪು ಬಣ್ಣ ಹರಿದು, ತುಕ್ಕಿನ ಹಕ್ಕಳೆಗಳು ಅಪ್ಪನ ಕೆನ್ನೆಯ ಮೇಲೆ, ನೆರೆತ ಗಡ್ಡದ ಮೇಲೆ ಉದುರಿದವು. ಅವನು ಒರೆಸಿಕೊಳ್ಳಲಿಲ್ಲ.

"ಇವತ್ತು ಆಗಲ್ಲ ಸಿಸ್ಟರ್, ಬಸ್ಸಲ್ಲಿ ಹೋಗಿ," ಎಂದು ಅವಳು ಅಲ್ಲಿಂದಲೇ ಕೂಗಿದಳು. "ಒಳಗೆಲ್ಲ ಟೊಳ್ಳು. ಕೊಯ್ದು ಹೊಸ ತಗಡು ಕೂರಿಸ್ಬೇಕು. ನಾಲ್ಕು ದಿನ ಹಿಡಿಯುತ್ತೆ."

ನರ್ಸು ಗೊಣಗುತ್ತಾ ಚೀಲ ಎತ್ತಿಕೊಂಡು ಹೋದಳು. ಕಾರಿನಡಿ ಇಬ್ಬರೂ ಹಾಗೇ ಮಲಗಿದ್ದರು.

"ಕಿವಿ ಮಂದ ಆಗಿದೆ ಅಂತ ಗೊತ್ತಿತ್ತು ಕಣೇ," ಎಂದ ಅಪ್ಪ. "ಕೈಗೆ ಗೊತ್ತಾಗುತ್ತೆ ಅಂದ್ಕೊಂಡೆ. ಇಷ್ಟು ವರ್ಷದ ಕೈ." ಅವಳತ್ತ ಹೊರಳಿ, ಅವಳ ತುಟಿಯನ್ನೇ ನೋಡುತ್ತಾ ಕೇಳಿದ: "ಮೇಷ್ಟ್ರ ಗಾಡೀನೂ ಹೀಗೇ ಇತ್ತಾ?"

ಇಲ್ಲ ಎನ್ನಬೇಕೆಂದು ಅವಳ ಜೀವ ಬಡಿದುಕೊಂಡಿತು. "ಇದ್ದಿರ್ಬೇಕು ಅಪ್ಪ," ಎಂದಳು.

ಅಪ್ಪ ಎದ್ದ. ನಲ್ಲಿಯಡಿ ಮುಖ ತೊಳೆದು, ಮೊಳೆಗೆ ನೇತುಹಾಕಿದ್ದ ಒಳ್ಳೆಯ ಅಂಗಿ ತೊಟ್ಟು, ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡ. ಬಾಗಿಲವರೆಗೆ ಹೋದವನು ಅಲ್ಲಿ ನಿಂತ.

"ಮೇಷ್ಟ್ರು ಈ ಹೊತ್ತಲ್ಲಿ ಎದ್ದಿರ್ತಾರಾ, ಮಲಗಿರ್ತಾರಾ?"

"ಎದ್ದಿರ್ತಾರೆ," ಎಂದಳು ಮಗಳು.

ಅವಳಿಗೆ ಬೆನ್ನು ಮಾಡಿ, ಬೀದಿಯನ್ನೇ ನೋಡುತ್ತಾ, ಅಪ್ಪ ಇನ್ನೂ ಅವಳ ಉತ್ತರಕ್ಕಾಗಿ ಕಾಯುತ್ತಿದ್ದ.