ಅಡ್ಡೆ ಹೊತ್ತವನ ಹೆಗಲು

ನನ್ನ ಮೈದುನ ಕರ್ತೊನೊ ಹಾಸಿಗೆ ಹಿಡಿದಿದ್ದಾನೆ, ಇನ್ನು ಏಳುವುದಿಲ್ಲ ಎಂದು ಊರಿಗೆ ಗೊತ್ತಾದ ಮೇಲೆ ಅವನ ಮನೆಗೆ ಬರುವ ಗಂಜಿಯ ಪಾತ್ರೆಗಳು ಹೆಚ್ಚಾದವು. ಒಬ್ಬರು ಆಲೂಗಡ್ಡೆ ಸಾರು ತರುವರು, ಇನ್ನೊಬ್ಬರು ಬಿಳಿ ಮುಸುಕಿನ ಜೋಳದ ಅನ್ನವನ್ನು ಮೆತ್ತಗೆ ಕಲಸಿ ತರುವರು. ನಮ್ಮ ತೆಂಗರ್ ಬೆಟ್ಟಗಳಲ್ಲಿ ಮನೆಗೆ ಬಂದವರನ್ನು ಹಜಾರದಲ್ಲಿ ಕೂರಿಸುವುದಿಲ್ಲ, ಅಡುಗೆಮನೆಯ ಒಲೆಯ ಮುಂದೆ ಕೂರಿಸುತ್ತೇವೆ. ಬಂದವರು ಒಲೆಗೆ ಕೈ ಕಾಸುತ್ತ ಒಳಕೋಣೆಯ ಕಡೆಗೊಮ್ಮೆ ನೋಡುವರು, ಮತ್ತೆ ಬೆಂಕಿಯ ಕಡೆ ತಿರುಗುವರು.

"ನೋಡಿದ್ರಾ ಯು," ಎಂದಳು ನನ್ನ ಓರಗಿತ್ತಿ ಸುನಾರ್ತಿ, ಒಂದು ಸಂಜೆ ಎಲ್ಲರೂ ಹೋದ ಮೇಲೆ. ನನ್ನನ್ನು ಊರೆಲ್ಲ 'ಬು ಗುರು', ಟೀಚರಮ್ಮ, ಎಂದರೂ ಅವಳೂ ಕರ್ತೊನೊನೂ ಮಾತ್ರ 'ಯು' ಎನ್ನುತ್ತಾರೆ, ಅಕ್ಕ ಎಂದ ಹಾಗೆ. "ಕೈಲಿ ಗಂಜಿ ಇರುತ್ತೆ. ಕಣ್ಣು ಮಾತ್ರ ಇವರ ಎದೆ ಮೇಲೆ. ಏರ್ತಿದೆಯಾ, ಇಳೀತಿದೆಯಾ ಅಂತ."

"ಹಾಗನ್ನಬೇಡ."

"ಇನ್ನೇನನ್ನಲಿ? ಇವರು ಕಸೋಡೊ ಮುಗಿಯೋ ತನಕ ಇದ್ರೆ ಸಾಕು ಅವರಿಗೆ. ಆಮೇಲೆ ಏನಾದ್ರೂ ಆಗಲಿ."

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ, ಪೂರ್ತಿ ನಿಜವೂ ಇರಲಿಲ್ಲ. ಕಸೋಡೊ ಹಬ್ಬದ ಹುಣ್ಣಿಮೆಯ ಬೆಳಗಿಗೆ ಪ್ರತಿ ಊರೂ ಒಂದು ಅಡ್ಡೆ ಕಟ್ಟುತ್ತದೆ. ಬಿದಿರಿನ ಎರಡು ತುದಿಗೂ ಆಲೂಗಡ್ಡೆ, ಎಲೆಕೋಸು, ಬಾಳೆ, ಚೆಂಡುಹೂ, ಬಾಡದ ಬೆಟ್ಟದ ಹೂ ತೂಗಿಬಿಟ್ಟು, ಸೂರ್ಯ ಹುಟ್ಟುವ ಹೊತ್ತಿಗೆ ಬ್ರೋಮೊ ಅಗ್ನಿಪರ್ವತದ ಬಾಯಿಗೆ ಒಪ್ಪಿಸಬೇಕು. ಆದರೆ ಹಬ್ಬದ ಮುಂಚಿನ ದಿನಗಳಲ್ಲಿ ಊರಿನಲ್ಲಿ ಸಾವಾದರೆ ಆ ಊರಿನ ಅಡ್ಡೆ ಏಳುವಂತಿಲ್ಲ. ದಾರಿಯಲ್ಲಿ ಸುದ್ದಿ ಮುಟ್ಟಿದರೂ ಅಲ್ಲಿಂದಲೇ ಹಿಂದಿರುಗಬೇಕು. ಅಡ್ಡೆಯ ಹಿಂದೆ ಊರಿನವರ ಹರಕೆಗಳೆಲ್ಲ ನಡೆಯುತ್ತವೆ, ಬದುಕಿಕೊಂಡ ಕೂಸಿನದು, ನಿಂತ ರಕ್ತದ್ದು, ತಿರುಗಿ ಬಂದ ಗಂಡನದು.

ಇಷ್ಟು ವರ್ಷ ನಮ್ಮೂರಿನ ಅಡ್ಡೆ ಹೊತ್ತವನು ಕರ್ತೊನೊ. ಬೇರೆ ಊರಿನವರು ಇಬ್ಬಿಬ್ಬರು ಹೆಗಲು ಬದಲಿಸಿಕೊಂಡು ಏರುವಾಗ ಇವನು ಒಬ್ಬನೇ ಏರುತ್ತಿದ್ದ. ಚಳಿಗೆ ಮೈಮೇಲೆ ಹೊದೆಯುವ ಹಳೆಯ ಸರೋಂಗ್ ಒಂದನ್ನು ಸಿಂಬೆಯಂತೆ ಮಡಿಸಿ ಹೆಗಲಿನ ಮೇಲಿಟ್ಟುಕೊಳ್ಳುತ್ತಿದ್ದ. ಬಿದಿರು ಉಜ್ಜಿ ಉಜ್ಜಿ ಅದರ ಕಂದು ಚೌಕಳಿಯೆಲ್ಲ ಬೆಳ್ಳಗಾಗಿ ಹೋಗಿತ್ತು.

ಹಬ್ಬದ ಹಿಂದಿನ ಸಂಜೆ ಅವನು ನಮ್ಮಿಬ್ಬರನ್ನೂ ಹತ್ತಿರ ಕರೆದ. ಮಾತು ತೆಳ್ಳಗಾಗಿತ್ತು, ತುಂಟತನ ಹಾಗೇ ಇತ್ತು.

"ಸುನಾರ್ತಿ, ನೀನು ಮೇಲೆ ಹೋಗ್ಬೇಕು. ನನ್ನ ಹೆಗಲಿನ ಬಟ್ಟೆ ತಗೊಂಡ್ ಹೋಗಿ ಬಾಯಿಗೆ ಹಾಕಿ ಬಾ. ಇನ್ನು ಹೊರಲ್ಲ ಅಂತ ಬೆಟ್ಟಕ್ಕೆ ಹೇಳ್ಬೇಕಲ್ಲ. ಹೇಳದೆ ಕೆಲಸ ಬಿಡೋಕಾಗುತ್ತಾ?"

"ನಿಮ್ಮನ್ನ ಬಿಟ್ಟು ನಾನು ಎಲ್ಲಿಗೂ ಹೋಗಲ್ಲ."

"ನೀನು ಇಲ್ಲಿ ಕೂತು ಅಳ್ತಾ ಇದ್ರೆ ನಂಗೆ ಹೊರಟುಬಿಡೋಣ ಅನ್ಸುತ್ತೆ. ನನ್ನಿಂದ ಅಡ್ಡೆ ನಿಂತಿತು ಅಂತ ಆಗಬಾರದು. ನೀನು ಸೂರ್ಯನ್ನ ನೋಡಿ ಬಾ, ಅಲ್ಲಿ ತನಕ ಇರ್ತೀನಿ."

"ಇರ್ತೀನಿ ಅಂದ್ರೆ? ನಿಮ್ಮ ಕೈಲಿದೆಯಾ ಅದು?"

ನಾನು ಉಳಿಯುತ್ತೇನೆ ಎಂದೆ. "ಬೇಡ ಯು, ಅವಳ ಜೊತೆ ನೀವಿರಿ. ಬೆಟ್ಟದ ಆ ಮೆಟ್ಟಿಲು ಅವಳೊಬ್ಬಳಿಗೆ ಆಗಲ್ಲ," ಎಂದ.

ಹಾಗಾದರೆ ಇವನ ಹತ್ತಿರ ಯಾರು? ಮನೆಮನೆಯವರೂ ಮೇಲೆ ಹೋಗುವ ರಾತ್ರಿ ಅದು. ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಪೊನಿರಾನ್ ಗಂಟಲು ಸರಿಮಾಡಿಕೊಂಡ.

"ನಾನಿರ್ತೀನಿ."

ಒಲೆಯ ಮುಂದಿದ್ದವರೆಲ್ಲ ತಲೆಯೆತ್ತಿದರು. ಪೊನಿರಾನನ ಮತ್ತು ಕರ್ತೊನೊನ ಹೊಲಗಳು ಒತ್ತಿಕೊಂಡಿವೆ, ನಡುವೆ ಒಂದು ಸಾಲು ಗಾಳಿಮರ. ಕರ್ತೊನೊನ ಗುದ್ದಲಿ ತನ್ನ ಎರಡು ಸಾಲು ನೆಲ ತಿಂದಿದೆ ಎಂಬುದು ಪೊನಿರಾನನ ವಾದ. ನಾನು ಮಲಾಂಗ್‌ನಿಂದ ಮದುವೆಯಾಗಿ ಇಲ್ಲಿಗೆ ಬಂದು ಶಾಲೆಯಲ್ಲಿ ಪಾಠ ಹೇಳಲು ಶುರುಮಾಡಿದಾಗಲೇ ಆ ಜಗಳ ಹಳೆಯದಾಗಿತ್ತು.

ಸುನಾರ್ತಿಯ ಮುಖ ಬಿಗಿಯಾಯಿತು. "ನಿಮ್ಮ ಸೊಸೆಯನ್ನಾದ್ರೂ..."

"ಅವನೇ ಇರಲಿ ಬಿಡು," ಎಂದ ಕರ್ತೊನೊ ಒಳಗಿನಿಂದ. "ಊರಲ್ಲಿ ನನ್ನ ನೋಡಿ ಅಯ್ಯೋ ಪಾಪ ಅನ್ನದವನು ಅವನೊಬ್ಬನೇ."

ನಡುರಾತ್ರಿ ಕಳೆದ ಮೇಲೆ ಹೊರಟೆವು. ಹುಣ್ಣಿಮೆಯಾದ್ದರಿಂದ ದೀಪ ಬೇಕಿರಲಿಲ್ಲ. ಮರಳಿನ ಬಯಲು ಬೂದಿ ಹರಡಿದಂತೆ ಬೆಳ್ಳಗೆ ಬಿದ್ದಿತ್ತು, ಅದರಾಚೆ ಬ್ರೋಮೊದ ಹೊಗೆ ನೇರವಾಗಿ ಮೇಲೇಳುತ್ತಿತ್ತು. ಮುಂದೆ ನಮ್ಮ ಪೂಜಾರಿ ರೋಮೊ, ಅವರ ಹಿಂದೆ ಹೊಸದಾಗಿ ಅಡ್ಡೆ ಹೊತ್ತ ಇಬ್ಬರು ಗಂಡಸರು, ಆಮೇಲೆ ಊರು. ಆ ಇಬ್ಬರೂ ಮಾತುಮಾತಿಗೆ ಹೆಗಲು ಬದಲಿಸುತ್ತಿದ್ದರು.

"ಕರ್ತೊನೊ ಅಣ್ಣ ಇದನ್ನ ಒಬ್ಬರೇ ಹೇಗೆ ಹೊರ್ತಿದ್ರೋ," ಎಂದ ಒಬ್ಬ ಏದುತ್ತ.

"ಅವರು ಆಲೂಗಡ್ಡೆ ತಿಂದು ಬೆಳೆದೋರು. ನೀನು ಪೊಟ್ಟಣದ ಶಾವಿಗೆ ತಿಂದು ಬೆಳೆದೋನು," ಎಂದಳು ಹಿಂದಿನಿಂದ ಒಬ್ಬಳು. ಸಣ್ಣಗೆ ನಗು ಹರಿಯಿತು. ಸುನಾರ್ತಿ ನಗಲಿಲ್ಲ. ಅವಳು ನನ್ನ ತೋಳು ಹಿಡಿದು ನಡೆಯುತ್ತಿದ್ದಳು, ಹೆಜ್ಜೆ ಹೆಜ್ಜೆಗೂ ಹಿಂದೆ ತಿರುಗಿ ನೋಡುತ್ತಿದ್ದಳು. ನಮ್ಮ ಮುಂದಿದ್ದವರು ಮರಳಿನಲ್ಲಿ ಕಾಲು ಒತ್ತಿ ಒತ್ತಿ ಇಡುತ್ತಿದ್ದುದು ನನಗೆ ಸ್ವಲ್ಪ ತಡವಾಗಿ ಕಂಡಿತು. ನಮಗೆ ಗಟ್ಟಿಯಾದ ಹೆಜ್ಜೆಗುರುತು ಸಿಗಲೆಂದು.

ಬಯಲಿನ ನಡುವೆ ಇದ್ದಾಗ ಊರಿನ ಕಡೆಯಿಂದ ಒಂದು ಬೆಳಕು ಇಳಿದು ಬಂತು. ಮೋಟಾರ್ ಬೈಕು.

ರೋಮೊ ನಿಂತರು. ಅಡ್ಡೆ ನಿಂತಿತು. ಇಡೀ ಊರು ಮರಳಿನ ಮೇಲೆ ನಿಂತು ಆ ಬೆಳಕು ದೊಡ್ಡದಾಗುವುದನ್ನು ನೋಡಿತು. ಸುನಾರ್ತಿಯ ಬೆರಳುಗಳು ನನ್ನ ತೋಳಿನೊಳಗೆ ಇಳಿದವು.

ಬಂದವಳು ಪೊನಿರಾನನ ಸೊಸೆ ವಿಜಿ. ಬೈಕು ನಿಲ್ಲಿಸಿ ಮಡಿಲಿನಿಂದ ಒಂದು ಗಂಟು ತೆಗೆದಳು. "ಚಿಕ್ಕಮ್ಮ, ಬಟ್ಟೆ ಬಿಟ್ಟು ಬಂದಿದ್ರಿ."

ಹೊರಡುವ ಗಾಬರಿಯಲ್ಲಿ ಸುನಾರ್ತಿ ಕೋಳಿ ತಂದಿದ್ದಳು, ಹೂ ತಂದಿದ್ದಳು. ಯಾವುದಕ್ಕಾಗಿ ಹೊರಟಳೋ ಆ ಬಟ್ಟೆಯನ್ನೇ ಮರೆತಿದ್ದಳು. ಸುತ್ತ ನಿಂತವರ ಉಸಿರು ಒಟ್ಟಿಗೆ ಹೊರಬಂದು ಚಳಿಯಲ್ಲಿ ಹಬೆಯಾಯಿತು.

"ಅವರು ಹೇಗಿದ್ದಾರೆ?" ಎಂದು ಕೇಳಿದಳು ಸುನಾರ್ತಿ.

ವಿಜಿ ತಡವರಿಸಿದಳು. "ನಾನು ಒಳಗೆ ಹೋಗಲಿಲ್ಲ. ಮಾವ ಬಾಗಿಲಲ್ಲೇ ಕೊಟ್ಟು ಕಳಿಸಿದ್ರು."

"ಇವರ ದನಿ ಕೇಳಿಸ್ತಾ?"

"ಇಲ್ಲ... ಮಾವನ ದನಿ ಕೇಳಿಸ್ತು. ನಾನು ಬಾಗಿಲಿಗೆ ಹೋದಾಗ್ಲೂ ಕೇಳಿಸ್ತು, ಹೊರಡೋವಾಗ್ಲೂ. ಕೂಗ್ತಾ ಇದ್ರು."

"ಯಾರ ಮೇಲೆ?"

ವಿಜಿ ತಲೆ ತಗ್ಗಿಸಿದಳು. "ಆ ಎರಡು ಸಾಲಿನ ವಿಷಯ."

ಸುನಾರ್ತಿ ಗಂಟನ್ನು ಎದೆಗೊತ್ತಿಕೊಂಡು ಊರಿನ ಕಡೆಗೆ ತಿರುಗಿಯೇ ಬಿಟ್ಟಳು. "ಕೊನೇ ರಾತ್ರಿಯೂ ಬಿಡಲ್ವಾ ಆ ಮನುಷ್ಯ? ನಾನು ಯಾರ ಕೈಲಿ ಒಪ್ಪಿಸಿ ಬಂದೆ ಯು? ನಾನು ಹೋಗ್ತೀನಿ."

ನಾನೂ ತಡೆಯುವ ಧೈರ್ಯ ಮಾಡಲಿಲ್ಲ. ರೋಮೊ ನಿಧಾನವಾಗಿ ಹಿಂದಕ್ಕೆ ಬಂದರು. ಅವರ ಕಾಲಿಗೆ ಚಪ್ಪಲಿಯಿರಲಿಲ್ಲ.

"ಸುನಾರ್ತಿ, ನೀನು ಹೋಗೋದಾದ್ರೆ ಯಾರೂ ತಪ್ಪು ಅನ್ನಲ್ಲ," ಎಂದರು. "ಆದ್ರೆ ಒಂದು ಕೇಳ್ತೀನಿ. ಸತ್ತವರ ಹತ್ತಿರ ಯಾರಾದ್ರೂ ಜಗಳ ಆಡ್ತಾರೇನಮ್ಮ?"

ಅವಳು ಮತ್ತೆ ಬ್ರೋಮೊದ ಕಡೆ ತಿರುಗಿದಳು. ಮೆಟ್ಟಿಲು ಮುಗಿಯುವವರೆಗೆ ನನ್ನ ತೋಳು ಹಿಡಿದೇ ಏರಿದಳು.

ಮೇಲೆ ಗಂಧಕದ ಹೊಗೆ ಗಂಟಲು ಕೆರೆಯುತ್ತಿತ್ತು. ಒದ್ದೆ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಂಡು ಅಂಚಿನಲ್ಲಿ ಕೂತೆವು. ಕೆಳಗೆ, ಬಾಯಿಯ ಒಳಇಳಿಜಾರಿನಲ್ಲಿ, ಉದ್ದ ಬಿದಿರಿಗೆ ಬಲೆ ಕಟ್ಟಿಕೊಂಡು ಗಂಡಸರು ಅಲ್ಲಲ್ಲಿ ಅಂಟಿಕೊಂಡಿದ್ದರು. ನಾವು ಎಸೆದದ್ದನ್ನು ಹಿಡಿಯುವವರು ಅವರು. ಅದನ್ನು ಯಾರೂ ಕಳ್ಳತನ ಎನ್ನುವುದಿಲ್ಲ. ನಮ್ಮ ಕೈ ಬಿಟ್ಟ ಕ್ಷಣವೇ ಬೆಟ್ಟಕ್ಕೆ ಸಂದಿತು, ಆಮೇಲೆ ಅದು ಯಾರಿಗೆ ಕೊಡುತ್ತದೋ ಅದರ ಇಷ್ಟ.

"ಬು, ಆ ಕೋಳಿ ಈ ಕಡೆ ಎಸೀರಿ! ಮನೇಲಿ ಮಕ್ಕಳಿದ್ದಾವೆ!"

"ಅವನಿಗೆ ಮದುವೇನೇ ಆಗಿಲ್ಲ ಬು, ಸುಳ್ಳು! ಈ ಕಡೆ ಎಸೀರಿ!"

ಪೂರ್ವದ ಗೋಡೆಯಂಥ ಬೆಟ್ಟಸಾಲಿನ ಮೇಲೆ ಮೊದಲು ಬಾಳೆಯ ಒಳತೊಗಟೆಯ ಬಣ್ಣ ಬಂತು, ಆಮೇಲೆ ಅರಿಶಿನ. ನಮ್ಮ ಬೆನ್ನ ಹಿಂದೆ ಚಂದ್ರ ಇನ್ನೂ ಇದ್ದ. ಮಾತು ತಾನಾಗಿ ನಿಂತಿತು, ಬಲೆಯವರೂ ಸುಮ್ಮನಾದರು. ಆಳದಲ್ಲಿ ಬೆಟ್ಟ ಗುರುಗುಟ್ಟುವುದೊಂದೇ ಕೇಳುತ್ತಿತ್ತು. ಸೂರ್ಯನ ಅಂಚು ಕಂಡೊಡನೆ ರೋಮೊ ಮಂತ್ರ ಹೇಳಿದರು, ಅಡ್ಡೆ ಬಾಯಿಗೆ ಜಾರಿತು. ಹಿಂದೆಯೇ ಹೂ, ಎಲೆಕೋಸು, ಕೋಳಿ ಎಲ್ಲ ಬಿದ್ದವು.

ಸುನಾರ್ತಿ ಸರೋಂಗನ್ನು ಒಮ್ಮೆ ಮೂಸಿ ನೋಡಿ ಎಸೆದಳು. ಗಾಳಿ ಅದನ್ನು ಬಿಡಿಸಿತು. ಅದು ಸ್ವಲ್ಪ ದೂರ ತೇಲಿ ಒಬ್ಬನ ಬಲೆಗೆ ಬಿತ್ತು.

ಅವನು ಎತ್ತಿ ಹಿಡಿದು ನಕ್ಕ. "ಇದೇನ್ ಬು, ಹರಕು ಬಟ್ಟೆ! ಇದನ್ನ ಮಾರಿದ್ರೆ ಒಂದು ಲೋಟ ಕಾಫಿಯೂ ಬರಲ್ಲ!" ಪಕ್ಕದವರೂ ನಕ್ಕರು.

ನಾನು ಎದ್ದು ನಿಂತು, ತರಗತಿಯ ಹಿಂದಿನ ಬೆಂಚಿಗೆ ಕೇಳುವಂತೆ ಮಾತಾಡುತ್ತಿದ್ದ ಆ ಹಳೆಯ ದನಿಯಲ್ಲಿ ಕೂಗಿದೆ. "ಅದು ಅಡ್ಡೆ ಹೊತ್ತವನ ಹೆಗಲಿನದು ಕಣಪ್ಪ! ಅವನು ಇನ್ನು ಬರಲ್ಲ!"

ನಗು ನಿಂತಿತು. ಅವನು ಬಟ್ಟೆಯನ್ನು ನೋಡಿದ, ಬೆಳ್ಳಗೆ ಸವೆದ ಆ ಪಟ್ಟಿಯನ್ನು ಬೆರಳಿನಿಂದ ಸವರಿದ. ಬಲೆಯನ್ನು ಪಕ್ಕದವನಿಗೆ ಕೊಟ್ಟ. ಸರೋಂಗನ್ನು ಮಡಿಸಿದ, ನಮ್ಮ ಗಂಡಸರು ಹೆಗಲಿಗೆ ಇಟ್ಟುಕೊಳ್ಳುವಾಗ ಮಡಿಸುತ್ತಾರಲ್ಲ, ಹಾಗೆಯೇ. ಅದನ್ನು ತಲೆಯ ಮೇಲಿಟ್ಟುಕೊಂಡು ಹಿಂದುಹಿಂದಕ್ಕೆ ತೆವಳುತ್ತ ಇಳಿಜಾರಿನಲ್ಲಿ ಕೆಳಗೆ, ಹೊಗೆಯೊಳಗೆ ಇಳಿದ. ಅಷ್ಟು ಕೆಳಗೆ ಅವರು ಯಾರೂ ಹೋಗುವುದಿಲ್ಲ. ಸ್ವಲ್ಪ ಹೊತ್ತು ಅವನು ಕಾಣದೆ ಹೋದ. ಮತ್ತೆ ಕೆಮ್ಮುತ್ತ ಮೇಲೆ ಬಂದಾಗ ಕೈ ಖಾಲಿಯಿತ್ತು. ನಮ್ಮ ಕಡೆ ನೋಡಿ ಒಂದು ಸಲ ತಲೆ ಬಾಗಿಸಿ, ಬಲೆ ಇಸಿದುಕೊಂಡು, "ಹೂಂ, ಈಗ ಕೋಳಿ ಎಸೀರಪ್ಪ!" ಎಂದ.

ಹಿಂದಿರುಗುವಾಗ ವಿಜಿ ಸುನಾರ್ತಿಯನ್ನು ಬೈಕಿನಲ್ಲಿ ಕೂರಿಸಿಕೊಂಡಳು. "ಮೂರು ಜನ ಆಗುತ್ತೆ, ನೀವೂ ಹತ್ತಿ ಬು ಗುರು," ಎಂದು ನನ್ನನ್ನೂ ಹತ್ತಿಸಿದಳು. ಈ ವಯಸ್ಸಿನಲ್ಲಿ ಮೊದಲ ಸಲ ಹಾಗೆ ಕೂತು ಮರಳು ದಾಟಿದೆ. ಊರಿನ ಏರಿನಲ್ಲಿ ಸುನಾರ್ತಿ ನೋಡುತ್ತಿದ್ದುದು ಒಂದನ್ನೇ, ಅವಳ ಅಡುಗೆಮನೆಯ ಮಾಡಿನಿಂದ ಹೊಗೆ ಬರುತ್ತಿದೆಯೋ ಇಲ್ಲವೋ. ಬರುತ್ತಿತ್ತು.

ಒಳಗೆ ಪೊನಿರಾನನ ದನಿ. ಅದು ದನಿಯಾಗಿರಲಿಲ್ಲ, ಒಡೆದ ಬಿದಿರಿನಂತಾಗಿತ್ತು. "ಗಾಳಿಮರದಿಂದ ಈಚೆಗೆ ಎಲ್ಲಾ ನಂದೇ. ಏನಂತೀಯ? ಏನಂತೀಯ ಹೇಳು!"

ಬಹಳ ಹೊತ್ತಾದ ಮೇಲೆ, ಕೇಳಿಯೂ ಕೇಳದಂತೆ, ಇನ್ನೊಂದು ದನಿ. "ಸತ್ರೂ... ಕೊಡಲ್ಲ."

ಸುನಾರ್ತಿ ಬಾಗಿಲಲ್ಲೇ ಕುಸಿದು ಕೂತಳು.

ಪೊನಿರಾನ್ ಕರ್ತೊನೊನನ್ನು ಒಲೆಯ ಪಕ್ಕಕ್ಕೆ ಎತ್ತಿ ತಂದು ಮಲಗಿಸಿದ್ದ. ಅವನ ಕಾಲುಗಳು ಪೊನಿರಾನನ ಮಡಿಲಿನಲ್ಲಿದ್ದವು, ಪೊನಿರಾನನದೇ ಸರೋಂಗಿನಲ್ಲಿ ಸುತ್ತಿದ್ದವು. ಬೆಟ್ಟದವರು ಮೈಮೇಲೆ ಸರೋಂಗ್ ಹೊದೆಯದೆ ಹೊರಗೆ ಕಾಲಿಡುವುದಿಲ್ಲ. ಪೊನಿರಾನ್ ಬರೀ ಅಂಗಿಯಲ್ಲಿ ಚಳಿಗೆ ನಡುಗುತ್ತ ಕೂತಿದ್ದ. ಎರಡೂ ಅಂಗೈ ಎಣ್ಣೆಯಿಂದ ಹೊಳೆಯುತ್ತಿದ್ದವು, ಕೋಣೆಯೆಲ್ಲ ಕಾಲಿಗೆ ತಿಕ್ಕುವ ಆ ಎಣ್ಣೆಯ ಘಾಟು.

"ಆಯ್ತಾ?" ಎಂದ ಕರ್ತೊನೊ.

"ಆಯ್ತು."

"ಬಟ್ಟೆ?"

"ಬೆಟ್ಟ ತಗೊಳ್ತು. ಒಬ್ಬರು ಇಳಿದು ಹೋಗಿ ಕೈಯಾರೆ ಒಪ್ಪಿಸಿದ್ರು."

ಅವನ ಕಣ್ಣು ಪೊನಿರಾನನ ಕಡೆ ಹೊರಳಿತು. "ಇವನನ್ನ... ಮನೆಗೆ ಕಳಿಸು. ರಾತ್ರಿಯೆಲ್ಲ ಮಲಗೋಕೆ ಬಿಡಲಿಲ್ಲ."

"ಮಲಗಿದ್ರೆ ಏಳ್ತಿದ್ದೆಯಾ ನೀನು?" ಎಂದ ಪೊನಿರಾನ್. ಎದ್ದು, ಮುಖ ಆಚೆ ತಿರುಗಿಸಿಕೊಂಡು, ಒಲೆಗೆ ಒಂದು ಸೌದೆ ಒತ್ತಿ ಹೊರಗೆ ಹೋದ. ಸರೋಂಗನ್ನು ತೆಗೆದುಕೊಳ್ಳಲಿಲ್ಲ.

ಸುನಾರ್ತಿ ಗಂಡನ ತಲೆಯ ಹತ್ತಿರ ಕೂತು ಸೂರ್ಯನನ್ನು ಹೇಳತೊಡಗಿದಳು. ಮೊದಲು ಬಾಳೆಯ ತೊಗಟೆಯ ಬಣ್ಣ, ಆಮೇಲೆ ಅರಿಶಿನ, ಹಿಂದೆ ಚಂದ್ರ. ಹೊಸಬರು ಹೆಗಲು ಬದಲಿಸುತ್ತ ಹೇಗೆ ಏದುತ್ತಿದ್ದರು ಎಂಬುದನ್ನೂ ಹೇಳಿದಳು. ಅದಕ್ಕೆ ಅವನು ನಕ್ಕ ಎಂದೇ ನನಗೆ ನೆನಪು. ಊರಿನವರು ಬೆಟ್ಟದಿಂದ ಇಳಿದು ಬಂದು, ಒಬ್ಬೊಬ್ಬರಾಗಿ ಒಲೆಯ ಮುಂದೆ ಕೂತರು. ಈ ಸಲ ಯಾರ ಕೈಯಲ್ಲೂ ಪಾತ್ರೆ ಇರಲಿಲ್ಲ, ಆದರೂ ಯಾರೂ ಎದ್ದು ಹೋಗಲಿಲ್ಲ. ಬಿಸಿಲು ಅಂಗಳಕ್ಕೆ ಬರುವ ಹೊತ್ತಿಗೆ ಅವನು ಹೆಂಡತಿಯ ಕೈಯೊಳಗೆ ಕೈಯಿಟ್ಟುಕೊಂಡೇ ಹೊರಟುಹೋದ.

ಸುನಾರ್ತಿ ಆಮೇಲೆ ಮಾತು ಬಿಟ್ಟಳು. ಕೇಳಿದ್ದಕ್ಕೆ ಹೂಂ, ಉಹೂಂ. ಮಳೆ ಶುರುವಾಗಿ ಬಿತ್ತನೆಯ ಆಲೂಗಡ್ಡೆ ಇಳಿಸುವ ಕಾಲ ಬಂದಾಗ ನಾನೇ ಒತ್ತಾಯಿಸಿ ಹೊಲಕ್ಕೆ ಕರೆದುಕೊಂಡು ಹೋದೆ. ಅವಳು ಮೇಲಿನ ಸಾಲಿನಲ್ಲಿ ಗುದ್ದಲಿ ಹಾಕುತ್ತಿದ್ದಳು. ನಾನು ಕೆಳಗೆ ಗಡ್ಡೆ ಆರಿಸುತ್ತಿದ್ದೆ. ಗಾಳಿಮರದ ಆಚೆ ಪೊನಿರಾನ್ ಬಂದು ನಿಂತ. ಅವನ ದನಿ ಆ ರಾತ್ರಿಯ ನಂತರ ಪೂರ್ತಿ ಸರಿಹೋಗಿರಲಿಲ್ಲ.

"ಏಯ್ ಸುನಾರ್ತಿ! ನಿನ್ನ ಗಂಡ ತಿಂದ ಎರಡು ಸಾಲು ಯಾವಾಗ ಬಿಡ್ತೀಯ?"

ಅವಳು ಗುದ್ದಲಿ ನೆಟ್ಟು ಬೆನ್ನು ನೆಟ್ಟಗೆ ಮಾಡಿದಳು.

"ಯಾವ ಎರಡು ಸಾಲು? ಬಂದು ತೋರಿಸಿ ನೋಡೋಣ! ಮೊದಲು ನಿಮ್ಮ ಗಾಳಿಮರದ ಬೇರು ನಮ್ಮ ಕಡೆ ಎಷ್ಟು ಬಂದಿದೆ ನೋಡ್ಕೊಳ್ಳಿ!"

ಅವನು ಏನೋ ಅಂದ, ಅವಳು ಅದಕ್ಕಿಂತ ಗಟ್ಟಿಯಾಗಿ ಇನ್ನೇನೋ ಅಂದಳು. ನಾನು ತಲೆ ಎತ್ತಲಿಲ್ಲ, ಗಡ್ಡೆ ಆರಿಸುತ್ತಲೇ ಇದ್ದೆ.