ಅಪಘಾತವಿಲ್ಲದ ವರ್ಷ

“ಮೂದೇವಿ, ಗರ ಬಡಿದೋಳ ಥರ ನಿಂತ್ಕೋಬೇಡ್ವೆ. ಒಲೆ ಕೊಡ್ತಿರೋದು, ಹೆಣ ಅಲ್ಲ. ಸ್ವಲ್ಪ ಹಲ್ಲು ಬಿಡು.”

ಮೇಸ್ತ್ರಿ ನನ್ನ ಸೆರಗನ್ನು ತಾನೇ ಎಳೆದು ಸರಿಮಾಡಿದ. ಆ ಕೈ ತಳ್ಳಲೂ ನನ್ನಲ್ಲಿ ತ್ರಾಣವಿರಲಿಲ್ಲ. ಬೆಳಗಿನಿಂದ ಇದೇ ಸಭೆಗೆ ಕುರ್ಚಿ ಹೊತ್ತು ರಟ್ಟೆ ಬಿದ್ದುಹೋಗಿತ್ತು. ಕುರ್ಚಿ ಹಾಕಿದವಳೂ ನಾನೇ, ಸನ್ಮಾನ ಮಾಡಿಸಿಕೊಳ್ಳುವವಳೂ ನಾನೇ. ಏನು ಭಾಗ್ಯವೋ.

ಅದು ಗ್ಯಾಸ್ ಕಂಪನಿಯ ವಾರ್ಷಿಕ ಸಭೆ. ಕಚೇರಿಯ ಮಹಡಿಯಿಂದ ವೇದಿಕೆಯ ಮೇಲೆ ಉದ್ದದ ಬ್ಯಾನರು ಇಳಿಬಿಟ್ಟಿದ್ದರು: ‘ಅಪಘಾತವಿಲ್ಲದ ವರ್ಷ’. ಊರ ತುಂಬ ಪೈಪು ಹಾಕಿದ್ದು, ಬಡವರಿಗೆ ನೆರವಾದದ್ದು, ಎಲ್ಲವನ್ನೂ ದೊಡ್ಡ ಸಾಹೇಬರು ಮೈಕಿನಲ್ಲಿ ಹೇಳಿಕೊಳ್ಳುತ್ತಿದ್ದರು. ಆ ಬಡವಳು ನಾನು. ನಾವೇ ಹೂತ ಪೈಪು ನಮ್ಮ ಓಣಿಯ ಬಾಯಲ್ಲೇ ಹಾದು ದೊಡ್ಡ ಮನೆಗಳಿಗೆ ಹೋಗಿದೆ, ನಮ್ಮ ಕಡೆ ತಿರುಗಿಲ್ಲ. ಗ್ಯಾಸಿಲ್ಲದ ಮನೆಗೆ ಗ್ಯಾಸ್ ಒಲೆ.

ಪೈಪಿಗೆ ತೋಡಿದ ಕಾಲುವೆಗೆ ಜನ ಇಳಿದರೆ ಅಂಚಿನಲ್ಲಿ ಒಬ್ಬ ನಿಂತು ಮಣ್ಣನ್ನೇ ನೋಡುತ್ತಿರಬೇಕು. ಬಿರುಕು ಕಂಡರೆ ಕೂಗಬೇಕು. ಅವನ ಕೂಗಿನ ಮೇಲೆ ಒಳಗಿದ್ದವರ ಜೀವ. ಹೋದ ವಾರ ಅಂಚಿನಲ್ಲಿದ್ದವನು ನನ್ನ ಮೈದುನ. ಈ ಬ್ಯಾನರು ಕಟ್ಟುವುದಕ್ಕೆಂದು ಮೇಸ್ತ್ರಿ ಅವನನ್ನು ಎಳೆದುಕೊಂಡು ಹೋದ. ಅವನು ಇಲ್ಲಿ ಗಂಟು ಬಿಗಿಯುತ್ತಿದ್ದಾಗ ಅಲ್ಲಿ ಮಣ್ಣು ಕುಸಿದು ನನ್ನ ಗಂಡ ಸೊಂಟದವರೆಗೆ ಹೂತುಹೋದ. ಎರಡೂ ಕಾಲು ನುಜ್ಜುಗುಜ್ಜಾದವು.

ಬಚ್ಚಲಲ್ಲಿ ಜಾರಿಬಿದ್ದ ಎಂದು ಸಭೆಯಲ್ಲಿ ಹೇಳಿದರೆ ಕಂಪನಿಯೇ ಆಪರೇಷನ್ ಮಾಡಿಸುತ್ತದಂತೆ. ಇಲ್ಲವೆಂದರೆ ಅವನ ಕಾಲೂ ಇಲ್ಲ, ನನಗೂ ಮೈದುನನಿಗೂ ಕೂಲಿಯೂ ಇಲ್ಲ.

“ಹೇಳ್ಬಿಡೇ,” ಎಂದಿದ್ದ ಗಂಡ, ಗೋಡೆ ಕಡೆ ಮುಖ ಮಾಡಿಕೊಂಡು. “ನಿಜ ಹೇಳಿ ಯಾರ ಕಾಲು ನೆಟ್ಟಗಾಗಿದೆ?”

ಹಾಗೇ ಹೇಳಬೇಕೆಂದೇ ವೇದಿಕೆ ಹತ್ತಿದೆ, ದೇವರಾಣೆ. ಸಾಹೇಬರು ಒಲೆಯನ್ನು ನನ್ನ ಕೈಗಿಟ್ಟು, ಫೋಟೋದವನ ಕಡೆ ನೋಡುತ್ತಲೇ, ನಿಮ್ಮ ಯಜಮಾನರಿಗೆ ಏನಾಯಿತಮ್ಮ ಎಂದು ಕೇಳಿದರು. ಮೈಕನ್ನು ನನ್ನ ಬಾಯಿಗೆ ಹಿಡಿದರು.

“ಬಚ್ಚಲಲ್ಲಿ ಜಾರಿಬಿದ್ರು ಅಂತ ಹೇಳು ಅಂದಿದಾರೆ,” ಎಂದೆ. “ಆದ್ರೆ ನಮ್ಮನೇಲಿ ಬಚ್ಚಲೇ ಇಲ್ಲ, ಸಾಹೇಬ್ರೆ.”

ಮುಂದಿನದನ್ನು ಹೇಳುವಷ್ಟರಲ್ಲಿ ಯಾರೋ ಮೈಕು ಆರಿಸಿದರು. ಮಣ್ಣು ಕುಸಿದದ್ದನ್ನು ನಾನು ಬರಿಬಾಯಲ್ಲೇ ಹೇಳಿದೆ. ಏನೂ ಕೇಳಿಸದ ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. “ಇಳಿಯೇ ಕೆಳಗೆ, ಬೋಸುಡಿ,” ಎಂದು ಮೇಸ್ತ್ರಿ ಹಲ್ಲು ಕಡಿಯುತ್ತ ಮೆಟ್ಟಿಲು ಹತ್ತುತ್ತಿದ್ದ.

ತಲೆಯೆತ್ತಿ ನೋಡಿದೆ. ಅತಿಥಿಗಳ ಮೇಲೆ ಹೂವೆರಚಲು ಮಹಡಿಯಲ್ಲಿ ನಿಲ್ಲಿಸಿದ್ದ ಮೈದುನ, ಬುಟ್ಟಿ ಪಕ್ಕಕ್ಕಿಟ್ಟು ತಾನೇ ಬಿಗಿದಿದ್ದ ಬ್ಯಾನರಿನ ಗಂಟು ಬಿಚ್ಚುತ್ತಿದ್ದ. ಅಂದು ಕೂಗಲಾಗದವನು ಈಗ ಕೂಗಿದ.

“ಅತ್ತಿಗೇ, ಪಕ್ಕಕ್ಕೆ ಸರೀರಿ.”

ಒಲೆಯನ್ನು ಅಲ್ಲೇ ಕೆಳಗಿಟ್ಟು ನಾನು ಸರಿದೆ. ಸಾಹೇಬರಿಗೆ ಯಾರೂ ಕೂಗಿ ಹೇಳಲಿಲ್ಲ.